ಚಿನ್ನಸ್ವಾಮಿಯ ಮೂರು ರಾತ್ರಿಗಳು: ಆಟಗಾರ ಯಾರವರು, ಮಾತು ಯಾರದು?

2011ರ ಮಾರ್ಚ್ 2ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ತಂಡ ಇಂಗ್ಲೆಂಡನ್ನು ಸೋಲಿಸಿದ್ದು ವಿಶ್ವಕಪ್ ಇತಿಹಾಸದ ದೊಡ್ಡ ಅಚ್ಚರಿಗಳಲ್ಲಿ ಒಂದು. ಗುರಿ 328 ರನ್; 111 ಆಗುವಷ್ಟರಲ್ಲಿ 5 ವಿಕೆಟ್ ಉರುಳಿದ್ದವು. ತಲೆಗೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡು ಬಂದಿದ್ದ ಕೆವಿನ್ ಓಬ್ರಿಯನ್ ಅಲ್ಲಿಂದ ಮುಂದೆ 50 ಎಸೆತಗಳಲ್ಲಿ ನೂರು ಮುಟ್ಟಿ, ಒಟ್ಟು 63 ಎಸೆತಗಳಲ್ಲಿ 113 ಗಳಿಸಿದರು. ಆರನೇ ವಿಕೆಟ್‌ಗೆ ಅವರೂ ಅಲೆಕ್ಸ್ ಕ್ಯುಸಾಕ್ ಅವರೂ ಸೇರಿಸಿದ್ದು 162 ರನ್. ಕೊನೆಯ ಓವರಿನ ಮೊದಲ ಎಸೆತವನ್ನು ಜಾನ್ ಮೂನಿ ಬೌಂಡರಿಗೆ ಅಟ್ಟಿದಾಗ, ಎರಡು ತಂಡಗಳಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಬೆಂಗಳೂರಿನವರು ಆ ಒಂದು ರಾತ್ರಿಯ ಮಟ್ಟಿಗೆ ಐರಿಷರೇ ಆಗಿಬಿಟ್ಟಿದ್ದರು.

ಆ ದಿನದ ಎರಡು ಆಟಗಾರರ ಪಟ್ಟಿಗಳನ್ನು ಇವತ್ತು ಮತ್ತೆ ಎದುರಿಗಿಟ್ಟುಕೊಂಡು ಓದಿದರೆ ಬೇರೆಯದೇ ಒಂದು ಕಥೆ ಕಾಣುತ್ತದೆ. ಇಂಗ್ಲೆಂಡಿನ ನಾಯಕ ಆಂಡ್ರ್ಯೂ ಸ್ಟ್ರಾಸ್ ಹುಟ್ಟಿದ್ದು ಜೊಹಾನ್ಸ್‌ಬರ್ಗ್‌ನಲ್ಲಿ, ವಿಕೆಟ್ ಕೀಪರ್ ಮ್ಯಾಟ್ ಪ್ರಯರ್ ಹುಟ್ಟಿದ್ದೂ ಅಲ್ಲೇ. ಜೊನಾಥನ್ ಟ್ರಾಟ್ ಕೇಪ್‌ಟೌನಿನವರು, ಕೆವಿನ್ ಪೀಟರ್ಸನ್ ಪೀಟರ್‌ಮಾರಿಟ್ಜ್‌ಬರ್ಗ್‌ನವರು. ಅತ್ತ ಐರ್ಲೆಂಡಿನ ಪಟ್ಟಿಯಲ್ಲಿ ಕ್ಯುಸಾಕ್ ಹುಟ್ಟಿದ್ದು ಬ್ರಿಸ್ಬೇನಿನಲ್ಲಿ, ಟ್ರೆಂಟ್ ಜಾನ್‌ಸ್ಟನ್ ಸಹ ಆಸ್ಟ್ರೇಲಿಯಾ ಮೂಲದವರು. ಐರ್ಲೆಂಡಿನ ಮೂರನೇ ಕ್ರಮಾಂಕದಲ್ಲಿ ಆಡಿದ ಎಡ್ ಜಾಯ್ಸ್ ಅದಕ್ಕೆ ಹಿಂದಿನ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಅಂಗಿ ತೊಟ್ಟಿದ್ದವರು. ಅಂದು ಐರ್ಲೆಂಡಿಗೆ ಬೌಲ್ ಮಾಡಿದ ಬಾಯ್ಡ್ ರ‍್ಯಾಂಕಿನ್ ಮೂರು ವರ್ಷ ಕಳೆಯುವುದರೊಳಗೆ ಇಂಗ್ಲೆಂಡಿನ ಟೆಸ್ಟ್ ಟೋಪಿ ಧರಿಸಿದರು. ಡಬ್ಲಿನ್ನಿನಲ್ಲಿ ಹುಟ್ಟಿ ಬೆಳೆದ ಓಯಿನ್ ಮಾರ್ಗನ್ ಆ ಹೊತ್ತಿಗಾಗಲೇ ಇಂಗ್ಲೆಂಡಿನ ಆಟಗಾರ. ಬೆರಳಿನ ಗಾಯ ಇಲ್ಲದಿದ್ದರೆ ಅಂದು ತನ್ನ ಹಳೆಯ ಜೊತೆಗಾರರ ಎದುರು ಆಡಬಹುದಿತ್ತು.

ಆಟಗಾರನೊಬ್ಬ ದೇಶ ಬದಲಿಸಿದ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳ ನಡುವೆ ಏಳುವ ವಾದ ಹೆಚ್ಚು ಕಡಿಮೆ ಒಂದೇ ಅಚ್ಚಿನದು. ಒಬ್ಬರು ದ್ರೋಹ ಎನ್ನುತ್ತಾರೆ, ಇನ್ನೊಬ್ಬರು ಹೊಟ್ಟೆಪಾಡು ಎನ್ನುತ್ತಾರೆ. ವೀಕ್ಷಕ ವಿವರಣೆ ನೀಡುವವರ ಬಗ್ಗೆ ನಡೆಯುವ ಜಗಳವೂ ಇದರ ದಾಯಾದಿಯೇ: ಇವರು ನಮ್ಮವರೋ ಅವರ ಕಡೆಯವರೋ ಎಂಬುದೇ ಅಲ್ಲಿಯೂ ಪ್ರಶ್ನೆ. ಎರಡೂ ವಾದಗಳು ವ್ಯಕ್ತಿಯ ನಿಷ್ಠೆಯನ್ನು ತೂಗುವುದರಲ್ಲೇ ಮುಗಿದುಹೋಗುತ್ತವೆ, ಆ ವ್ಯಕ್ತಿ ನಡೆದು ಬಂದ ದಾರಿಯನ್ನು ಹಾಕಿದವರು ಯಾರು ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ ಎಂಬುದು ನನ್ನ ತಕರಾರು.

ದಾರಿ ಎಂದರೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ, ಅಂದರೆ ಐಸಿಸಿಯ, ಅರ್ಹತಾ ನಿಯಮ. ಒಂದು ದೇಶಕ್ಕೆ ಆಡಲು ಆಟಗಾರನಿಗೆ ಮೂರು ಬಾಗಿಲುಗಳಿವೆ: ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಆ ದೇಶದ ಪ್ರಜೆಯಾಗಿರಬೇಕು, ಇಲ್ಲವೇ ಹಿಂದಿನ 3 ವರ್ಷ ಅಲ್ಲಿ ವಾಸವಾಗಿರಬೇಕು. ಆಯಾ ದೇಶದ ಮಂಡಳಿ ಇದಕ್ಕಿಂತ ಬಿಗಿಯಾದ ಷರತ್ತು ಹಾಕಿಕೊಳ್ಳಬಹುದು. ಜಿಂಬಾಬ್ವೆಯಿಂದ ಬಂದ ಗ್ರೇಮ್ ಹಿಕ್ ಇಂಗ್ಲೆಂಡಿಗೆ ಆಡಲು ಏಳು ವರ್ಷ ಕಾದು 1991ರಲ್ಲಿ ಪದಾರ್ಪಣೆ ಮಾಡಿದ್ದು ಹಳೆಯ ಕಥೆ. 18 ವರ್ಷ ತುಂಬಿದ ಮೇಲೆ ಬಂದವರಿಗೆ ಇಂಗ್ಲೆಂಡ್ 7 ವರ್ಷಗಳ ವಾಸದ ಷರತ್ತನ್ನು ಮುಂದೊಮ್ಮೆ ಮತ್ತೆ ಹಾಕಿತ್ತು. 2018ರ ಕೊನೆಯಲ್ಲಿ ಅದನ್ನು 3 ವರ್ಷಕ್ಕೆ ಇಳಿಸಿತು. ಬಾರ್ಬಡೋಸಿನಲ್ಲಿ ಹುಟ್ಟಿ, ವೆಸ್ಟ್ ಇಂಡೀಸಿನ 19ರೊಳಗಿನವರ ತಂಡಕ್ಕೆ ಆಡಿದ್ದ ಜೋಫ್ರಾ ಆರ್ಚರ್ 2019ರ ಮೇ ತಿಂಗಳಲ್ಲಿ ಇಂಗ್ಲೆಂಡ್ ತಂಡ ಸೇರಲು ಸಾಧ್ಯವಾದದ್ದು ಈ ಇಳಿಕೆಯಿಂದ. ಎರಡೂವರೆ ತಿಂಗಳಾಗುವ ಮೊದಲೇ ಲಾರ್ಡ್ಸ್‌ನಲ್ಲಿ ಸಮಬಲವಾದ ವಿಶ್ವಕಪ್ ಫೈನಲನ್ನು ತೀರ್ಮಾನಿಸುವ ಸೂಪರ್ ಓವರ್ ಅವರ ಕೈಯಲ್ಲಿತ್ತು.

ಇವು ಹೊಸಿಲಿನ ಷರತ್ತುಗಳು. ಒಮ್ಮೆ ಒಂದು ದೇಶಕ್ಕೆ ಆಡಿದವರು ಇನ್ನೊಂದಕ್ಕೆ ಹೋಗುವಾಗ ಅನ್ವಯಿಸುವ ನಿಯಮದಲ್ಲಿ ನಿಜವಾದ ತಿರುವು ಇದೆ. ಪೂರ್ಣ ಸದಸ್ಯ ರಾಷ್ಟ್ರಕ್ಕೆ, ಎಂದರೆ ಟೆಸ್ಟ್ ಆಡುವ 12 ತಂಡಗಳಲ್ಲಿ ಒಂದಕ್ಕೆ, ಆಡಿದವರು ಬೇರೆ ತಂಡ ಸೇರಬೇಕಾದರೆ ಈಗಿನ ನಿಯಮದಂತೆ ಕೊನೆಯ ಪಂದ್ಯದಿಂದ 3 ವರ್ಷ ಕಾಯಬೇಕು. ಟೆಸ್ಟ್ ಮಾನ್ಯತೆಯಿಲ್ಲದ ಸಹ ಸದಸ್ಯ ರಾಷ್ಟ್ರಕ್ಕೆ ಆಡಿದವರು ಪೂರ್ಣ ಸದಸ್ಯ ರಾಷ್ಟ್ರಕ್ಕೆ ಹೋಗಬೇಕಾದರೆ ಈ ಕಾಯುವಿಕೆ ಇಲ್ಲ. ದಿರ್ಕ್ ನ್ಯಾನಸ್ 2009ರ ಜೂನ್‌ನಲ್ಲಿ ನೆದರ್ಲೆಂಡ್ಸ್ ಪರವಾಗಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ತಂಡದಲ್ಲಿದ್ದರು. ಅದೇ ಆಗಸ್ಟಿನಲ್ಲಿ ಆಸ್ಟ್ರೇಲಿಯಾಕ್ಕೆ ಆಡಿದರು. ಮಾರ್ಗನ್ ಅವರ ಅವಸರ ಇನ್ನೂ ಹೆಚ್ಚಿನದು: 2009ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಆಡುತ್ತಿದ್ದವರು ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಏಕದಿನ ತಂಡದಲ್ಲಿದ್ದರು. ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತಿರುವ ಟಿಮ್ ಡೇವಿಡ್ 2020ರವರೆಗೆ ಸಿಂಗಪುರಕ್ಕೆ ಆಡಿದವರು. ಅವರ ತಂದೆಯೂ ಸಿಂಗಪುರಕ್ಕೆ ಆಡಿದ್ದವರು. 2022ರ ಸೆಪ್ಟೆಂಬರ್‌ನಲ್ಲಿ ಮೊಹಾಲಿಯಲ್ಲಿ ಭಾರತದ ಎದುರು ಆಸ್ಟ್ರೇಲಿಯಾ ಪರ ಆಡಲಿಳಿದಾಗ ಅವರನ್ನು ತಡೆಯುವ ಯಾವ ಗೇಟೂ ಇರಲಿಲ್ಲ.

ಬೆಟ್ಟ ಹತ್ತುವವರಿಗೆ ಲಿಫ್ಟು, ಇಳಿಯುವವರಿಗೆ ಮಾತ್ರ ಮೂರು ವರ್ಷಗಳ ಮೆಟ್ಟಿಲು. ಎಡ್ ಜಾಯ್ಸ್ 2007ರ ನಂತರ ಇಂಗ್ಲೆಂಡ್ ತಂಡಕ್ಕೆ ಬೇಡವಾಗಿದ್ದರು. ಆದರೂ ತಾವು ಹುಟ್ಟಿದ ದೇಶಕ್ಕೆ ಮರಳಿ 2011ರ ವಿಶ್ವಕಪ್ ಆಡಲು ಅವರಿಗೆ ಐಸಿಸಿಯ ವಿಶೇಷ ವಿನಾಯಿತಿ ಬೇಕಾಯಿತು. ನ್ಯೂಜಿಲೆಂಡಿನ ರಾಸ್ ಟೇಲರ್ 2022ರ ಏಪ್ರಿಲ್‌ನಲ್ಲಿ ನಿವೃತ್ತರಾದವರು, ತಾಯಿಯ ಕಡೆಯಿಂದ ಸಮೋವಾ ಮೂಲದವರು. 41ನೆಯ ವಯಸ್ಸಿನಲ್ಲಿ ಆ ಪುಟ್ಟ ದ್ವೀಪರಾಷ್ಟ್ರಕ್ಕೆ ಆಡಲು ಅವರು ಮುಂದಾದದ್ದು 2025ರಲ್ಲಿ, ಅಂದರೆ ಮೂರು ವರ್ಷ ತುಂಬಿದ ಮೇಲೆಯೇ. ಒಬ್ಬ ಟೇಲರ್ ಸಮೋವಾಕ್ಕೆ ಹೋದರೆ ನ್ಯೂಜಿಲೆಂಡಿಗೆ ಏನೂ ಕಳೆಯುವುದಿಲ್ಲ. ಒಬ್ಬ ಮಾರ್ಗನ್ ಹೋದರೆ ಐರ್ಲೆಂಡಿನ ಬ್ಯಾಟಿಂಗ್ ಅರ್ಧ ಬಡವಾಗುತ್ತದೆ. ಕಾವಲು ಮಾತ್ರ ಕಳೆದುಕೊಳ್ಳಲು ಏನೂ ಇಲ್ಲದವರ ಬಾಗಿಲಿಗೇ ಇದೆ.

ಇದನ್ನು ಸಮರ್ಥಿಸುವವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ಸಣ್ಣ ದೇಶದಲ್ಲಿ ಹುಟ್ಟಿದ ಕಾರಣಕ್ಕೇ ಪ್ರತಿಭಾವಂತನೊಬ್ಬ ಟೆಸ್ಟ್ ಆಡದೆ ಉಳಿಯುವುದು ನ್ಯಾಯವಲ್ಲ. 2017ರ ಜೂನ್‌ವರೆಗೂ ಐರ್ಲೆಂಡಿಗೆ ಟೆಸ್ಟ್ ಮಾನ್ಯತೆಯೇ ಇರಲಿಲ್ಲ. ಹದಿಮೂರು ವರ್ಷ ವಯಸ್ಸಿಗೇ ಲಾರ್ಡ್ಸ್ ಕನಸು ಕಂಡ ಡಬ್ಲಿನ್ನಿನ ಹುಡುಗ ಇನ್ನೆಲ್ಲಿಗೆ ಹೋಗಬೇಕಿತ್ತು? ಆದರೆ ಆ ಕೊರತೆಯನ್ನು ತುಂಬಲು ಆಟವನ್ನು ಹರಡುವ ಬದಲು ಆಟಗಾರನನ್ನು ಸಾಗಿಸುವ ಏರ್ಪಾಟನ್ನೇ ಕ್ರಿಕೆಟ್ ಆಡಳಿತ ಆರಿಸಿಕೊಂಡಿತು. ಚಿನ್ನಸ್ವಾಮಿಯಲ್ಲಿ ಇಂಗ್ಲೆಂಡ್ ಸೋತು ತಿಂಗಳೊಂದು ಕಳೆಯುತ್ತಿದ್ದಂತೆ ಐಸಿಸಿ ಮುಂದಿನ ವಿಶ್ವಕಪ್ಪನ್ನು 10 ಪೂರ್ಣ ಸದಸ್ಯರಿಗೆ ಸೀಮಿತಗೊಳಿಸಲು ಹೊರಟಿತು. ಗದ್ದಲವಾದ ಮೇಲೆ ಅದನ್ನು ಕೈಬಿಟ್ಟಿತಾದರೂ 2019ರಲ್ಲಿ ಹತ್ತೇ ತಂಡಗಳ ವಿಶ್ವಕಪ್ ನಡೆಯಿತು. ಐರ್ಲೆಂಡ್ ಅರ್ಹತಾ ಸುತ್ತಿನಲ್ಲೇ ಹೊರಬಿತ್ತು. ಆ ವಿಶ್ವಕಪ್ಪನ್ನು ಲಾರ್ಡ್ಸ್‌ನಲ್ಲಿ ಎತ್ತಿಹಿಡಿದ ಇಂಗ್ಲೆಂಡ್ ನಾಯಕ ಐರಿಷ್, ಅದೇ ಮಾರ್ಗನ್! 2024ರಿಂದ 2027ರವರೆಗಿನ ಐಸಿಸಿ ಆದಾಯ ಹಂಚಿಕೆಯಲ್ಲಿ ಭಾರತದ ಮಂಡಳಿಗೆ ಸುಮಾರು ಶೇ 38.5 ಪಾಲು, 90ಕ್ಕೂ ಹೆಚ್ಚು ಸಹ ಸದಸ್ಯ ರಾಷ್ಟ್ರಗಳಿಗೆಲ್ಲ ಸೇರಿ ಸುಮಾರು ಶೇ 11 ಎಂದು ವರದಿಯಾಗಿರುವುದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿದರೆ, ಆಟಗಾರರ ವಲಸೆ ಹಣದ ಹರಿವಿನ ಹಿಂದೆಯೇ ಸಾಗುತ್ತಿದೆ ಎಂಬುದು ತಿಳಿಯುತ್ತದೆ.

ಹಾಗೆಂದು ಎಲ್ಲ ವಲಸೆಯನ್ನೂ ಒಂದೇ ಗೋಣಿಚೀಲಕ್ಕೆ ತುಂಬಲಾಗದು. 2019ರ ಫೈನಲಿನ ಪಂದ್ಯಶ್ರೇಷ್ಠ ಬೆನ್ ಸ್ಟೋಕ್ಸ್ ಹುಟ್ಟಿದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ರಗ್ಬಿ ಲೀಗ್ ತರಬೇತುದಾರರಾಗಿದ್ದ ತಂದೆಯ ಜೊತೆ 12ನೇ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದವರು. ಆ ವಯಸ್ಸಿನ ಹುಡುಗ ದೇಶ ಬದಲಿಸುವುದಿಲ್ಲ, ಅಪ್ಪ ಅಮ್ಮನ ಜೊತೆ ಮನೆ ಬದಲಿಸುತ್ತಾನೆ. ಅದೇ ನ್ಯೂಜಿಲೆಂಡನ್ನು ಸೋಲಿಸಿದ ಕೆಲವೇ ದಿನಗಳಲ್ಲಿ ವರ್ಷದ ನ್ಯೂಜಿಲೆಂಡಿಗ ಪ್ರಶಸ್ತಿಗೆ ಅವರ ಹೆಸರು ಬಂದಾಗ, ತಾನು ಅದಕ್ಕೆ ತಕ್ಕವನಲ್ಲ, ಕೇನ್ ವಿಲಿಯಮ್ಸನ್ ತಕ್ಕವರು ಎಂದು ಅವರು ಬಿಟ್ಟುಕೊಟ್ಟರು. ಪೀಟರ್ಸನ್ ಅವರದು ಬೇರೆ. ತಾಯಿ ಇಂಗ್ಲಿಷರು, ದಕ್ಷಿಣ ಆಫ್ರಿಕಾದ ತಂಡಗಳ ಆಯ್ಕೆಯಲ್ಲಿನ ಮೀಸಲು ನೀತಿಯನ್ನು ದೂರಿ, ಬೆಳೆದ ಮೇಲೆ, ತಿಳಿದೂ ತಿಳಿದೂ ಹೊರಟುಬಂದವರು. 2005ರಲ್ಲಿ ಇಂಗ್ಲೆಂಡ್ ಆಟಗಾರನಾಗಿ ಅಲ್ಲಿಗೆ ಹೋದಾಗ ಪ್ರತಿ ಮೈದಾನದಲ್ಲೂ ಕೂಗು, ಬೈಗುಳ. ಬ್ಲೂಮ್‌ಫಾಂಟೀನ್‌ನಲ್ಲಿ ಅಜೇಯ 108 ಗಳಿಸಿ ಹಿಂದಿರುಗುವಾಗ ಪ್ರೇಕ್ಷಕರು ಅವರಿಗೆ ಬೆನ್ನು ತಿರುಗಿಸಿ ನಿಂತರು. ಅವರು ಹೆಲ್ಮೆಟ್ಟಿನ ಮೇಲಿದ್ದ ಇಂಗ್ಲೆಂಡಿನ ಲಾಂಛನಕ್ಕೆ ಮುತ್ತಿಟ್ಟರು. ಆ ಏಕದಿನ ಸರಣಿಯಲ್ಲಿ ಮೂರು ಶತಕ, 454 ರನ್.

ಹೊರಟುಹೋದ ಮಗನಿಗೆ ಬೆನ್ನು ತಿರುಗಿಸಿದ ಆ ಊರೇ ಕೆಪ್ಲರ್ ವೆಸಲ್ಸ್ ಹುಟ್ಟಿದ ಊರು ಎಂಬುದನ್ನು ಬಹಳ ಜನ ಮರೆಯುತ್ತಾರೆ. ವರ್ಣಭೇದ ನೀತಿಯಿಂದಾಗಿ ದಕ್ಷಿಣ ಆಫ್ರಿಕಾ ಕ್ರಿಕೆಟ್ಟಿನಿಂದ ಹೊರಗಿದ್ದ ಕಾಲದಲ್ಲಿ ವೆಸಲ್ಸ್ ಆಸ್ಟ್ರೇಲಿಯಾಕ್ಕೆ 24 ಟೆಸ್ಟ್ ಆಡಿದರು. ನಿಷೇಧ ತೆರವಾದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಮರಳಿ, 1992ರ ವಿಶ್ವಕಪ್ಪಿನ ತಮ್ಮ ತಂಡದ ಮೊದಲ ಪಂದ್ಯದಲ್ಲೇ ನಾಯಕನಾಗಿ ಸಿಡ್ನಿಯಲ್ಲಿ ಅದೇ ಆಸ್ಟ್ರೇಲಿಯಾವನ್ನು 9 ವಿಕೆಟ್‌ಗಳಿಂದ ಸೋಲಿಸಿದರು, ಸ್ವತಃ ಅಜೇಯ 81 ಗಳಿಸಿದರು. ಅವರನ್ನು ಯಾರೂ ದ್ರೋಹಿ ಎಂದು ನೆನೆಯುವುದಿಲ್ಲ. ಹಿಂದಿರುಗಿ ಬಂದವರಿಗೆ ಒಂದು ಅಳತೆ, ಹೊರಟುಹೋದವರಿಗೆ ಇನ್ನೊಂದು.

ನಮ್ಮ ಉಪಖಂಡದ ಕಡೆ ತಿರುಗಿದರೆ ದೇಶ ಬದಲಿಸುವುದು ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. 1946ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡದ ನಾಯಕರು ಇಫ್ತಿಕಾರ್ ಅಲಿ ಖಾನ್ ಪಟೌಡಿ. 1932ರಲ್ಲಿ ಸಿಡ್ನಿಯಲ್ಲಿ ಇಂಗ್ಲೆಂಡ್ ಪರ ಪದಾರ್ಪಣೆ ಮಾಡಿ ಶತಕ ಹೊಡೆದವರು ಇವರೇ. ಅವರ ಕೈಕೆಳಗೆ ಆ ಪ್ರವಾಸದಲ್ಲಿದ್ದ ಅಬ್ದುಲ್ ಹಫೀಜ್ ಮುಂದೆ ಕಾರ್ದಾರ್ ಎಂಬ ಹೆಸರಿನಿಂದ ಪಾಕಿಸ್ತಾನದ ಮೊದಲ ಟೆಸ್ಟ್ ನಾಯಕರಾದರು. 1952ರ ಅಕ್ಟೋಬರ್‌ನಲ್ಲಿ ದೆಹಲಿಗೆ ಟಾಸ್ ಹಾಕಲು ಬಂದದ್ದು ಪರದೇಶದ ನಾಯಕನಾಗಿ. ಅದೇ 1946ರ ತಂಡದ ಗುಲ್ ಮಹಮ್ಮದ್ ಕೂಡ ಭಾರತಕ್ಕೆ 8 ಟೆಸ್ಟ್ ಆಡಿ 1956ರಲ್ಲಿ ಪಾಕಿಸ್ತಾನಕ್ಕೆ ಒಂದು ಟೆಸ್ಟ್ ಆಡಿದರು. ಅಮೀರ್ ಇಲಾಹಿ ಮೂರನೆಯವರು. ಇವರಲ್ಲಿ ಯಾರೂ ಗಡಿ ದಾಟಿ ಹೊಸ ದೇಶ ಹುಡುಕಿಕೊಂಡವರಲ್ಲ, ಗಡಿಯೇ ಇವರನ್ನು ದಾಟಿಹೋಯಿತು.

ಈಚಿನ ಉದಾಹರಣೆಗೆ ಬಂದರೆ, 2024ರ ಜೂನ್ 6ರಂದು ಡಲ್ಲಾಸಿನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದಾಗ ಇಲ್ಲಿ ಮಧ್ಯರಾತ್ರಿ ದಾಟಿತ್ತು. ಸೂಪರ್ ಓವರ್ ಎಸೆದ ಸೌರಭ್ ನೇತ್ರಾವಲ್ಕರ್ ಮುಂಬೈಯವರು, 2010ರಲ್ಲಿ ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರವಾಲ್ ಜೊತೆ ಭಾರತದ 19ರೊಳಗಿನವರ ತಂಡದಲ್ಲಿ ವಿಶ್ವಕಪ್ ಆಡಿದವರು. ಆ ಪಂದ್ಯದಲ್ಲಿ 30 ರನ್ ನೀಡಿ 3 ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ನೊಸ್ತುಶ್ ಕೆಂಜಿಗೆ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿ, ಕಾಫಿ ಬೆಳೆಯುವ ಚಿಕ್ಕಮಗಳೂರಿನ ಮಣ್ಣಿನಲ್ಲಿ ಬೆಳೆದವರು. ಮರುದಿನ ಬೆಳಿಗ್ಗೆ ನಮ್ಮ ಕಡೆಯ ಎಷ್ಟೋ ಮೊಬೈಲುಗಳಲ್ಲಿ ಹರಿದಾಡಿದ್ದು ‘ನಮ್ಮ ಹುಡುಗ’ ಎಂಬ ಮಾತು. ಆರು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಅದೇ ನೇತ್ರಾವಲ್ಕರ್ ವಿರಾಟ್ ಕೊಹ್ಲಿಯವರನ್ನು ಮೊದಲ ಎಸೆತದಲ್ಲೇ, ಮುಂದೆ ರೋಹಿತ್ ಶರ್ಮಾ ಅವರನ್ನೂ ಔಟ್ ಮಾಡಿದರು. ಆ ರಾತ್ರಿ ಅವರು ನಮ್ಮ ಹುಡುಗರಾಗಿಯೇ ಉಳಿದಿದ್ದರೋ ಇಲ್ಲವೋ ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಿರಿಯರೊಬ್ಬರು ಮಾತ್ರ, ‘ಅವನ ಕೆಲಸ ಅವನು ಮಾಡ್ತಿದ್ದಾನೆ ಬಿಡಪ್ಪ’ ಎಂದು ಕಾಫಿ ಲೋಟ ಕೆಳಗಿಟ್ಟರು. ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಸಮಚಿತ್ತದ ವಿಶ್ಲೇಷಣೆ ಅದು.

ಭಾರತದಿಂದ ಹೊರಟವರು ಯಾಕೆ ಹೊರಟರು ಎಂಬುದಕ್ಕೆ ಉತ್ತರ ಸರಳ. ಇಲ್ಲಿ ಹನ್ನೊಂದು ಜಾಗಗಳಿಗೆ ಸಾಲು ಬಹಳ ಉದ್ದ. ಜೊತೆಗೆ, ಭಾರತದಲ್ಲಿ ಇನ್ನೂ ಆಡುತ್ತಿರುವ ಪುರುಷ ಆಟಗಾರರಿಗೆ ವಿದೇಶಿ ಟಿ20 ಲೀಗುಗಳಲ್ಲಿ ಆಡಲು ಬಿಸಿಸಿಐ ಬಿಡುವುದಿಲ್ಲ. 2012ರಲ್ಲಿ 19ರೊಳಗಿನವರ ವಿಶ್ವಕಪ್ ಗೆದ್ದ ತಂಡದ ನಾಯಕ ಉನ್ಮುಕ್ತ್ ಚಂದ್ 2021ರಲ್ಲಿ ಭಾರತದ ಕ್ರಿಕೆಟ್ಟಿಗೆ ವಿದಾಯ ಹೇಳಿಯೇ ಅಮೆರಿಕದ ಹಾದಿ ಹಿಡಿಯಬೇಕಾಯಿತು. ಎದುರು ದಿಕ್ಕಿನ ಪ್ರಯಾಣ ಅಪರೂಪ. ಟ್ರಿನಿಡಾಡಿನಲ್ಲಿ ಹುಟ್ಟಿದ ರಾಬಿನ್ ಸಿಂಗ್ ಭಾರತದ ಪೌರತ್ವ ಪಡೆದು 1989ರಲ್ಲಿ ಭಾರತಕ್ಕೆ ಮೊದಲ ಏಕದಿನ ಪಂದ್ಯ ಆಡಿದ್ದು ಟ್ರಿನಿಡಾಡಿನದೇ ಪೋರ್ಟ್ ಆಫ್ ಸ್ಪೇನ್‌ನಲ್ಲಿ.

ಇದೇ ನಾಟಕದ ಮನೆಮಟ್ಟದ ಪ್ರಯೋಗವನ್ನು ಕರ್ನಾಟಕ ಈಚೆಗಷ್ಟೇ ನೋಡಿದೆ. ಟೆಸ್ಟಿನಲ್ಲಿ ಅಜೇಯ 303 ಗಳಿಸಿದ ಕರುಣ್ ನಾಯರ್ ರಾಜ್ಯ ತಂಡದಲ್ಲಿ ಜಾಗ ಕಳೆದುಕೊಂಡು, ನಿರಾಕ್ಷೇಪಣಾ ಪತ್ರ ಪಡೆದು, 2023ರಲ್ಲಿ ವಿದರ್ಭಕ್ಕೆ ಹೋದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 752 ರನ್ ಕಲೆಹಾಕಿ ವಿದರ್ಭದ ನಾಯಕರಾಗಿ ಫೈನಲಿಗೆ ಬಂದಾಗ ಎದುರಿಗಿದ್ದದ್ದು ಕರ್ನಾಟಕ. ಅಂದು ಕರ್ನಾಟಕ ಗೆದ್ದಿತು. ಆದರೆ ಅವರು 27ಕ್ಕೆ ಬೌಲ್ಡ್ ಆದಾಗ ಮನೆಯಲ್ಲಿ ಚಪ್ಪಾಳೆ ತಟ್ಟಬೇಕೋ ನಿಟ್ಟುಸಿರು ಬಿಡಬೇಕೋ ತಿಳಿಯದೆ ಕೂತವರು ನಮ್ಮಲ್ಲಿ ಕಡಿಮೆ ಇರಲಿಕ್ಕಿಲ್ಲ. ಅದೇ ಋತುವಿನ ರಣಜಿ ಫೈನಲಿನಲ್ಲಿ ಶತಕ ಬಾರಿಸಿ ವಿದರ್ಭಕ್ಕೆ ಟ್ರೋಫಿ ತಂದುಕೊಟ್ಟು, ಅವರು ಮುಂದಿನ ಋತುವಿಗೆ ಮತ್ತೆ ಕರ್ನಾಟಕಕ್ಕೆ ಬಂದರು. ಯಾರೂ ಅವರನ್ನು ದ್ರೋಹಿ ಎನ್ನಲಿಲ್ಲ. ಕೆಲವರು ಬೈದದ್ದು ಅವರನ್ನು ಕೈಬಿಟ್ಟ ಆಯ್ಕೆಗಾರರನ್ನು. ಪ್ರಶ್ನೆಯನ್ನು ಸರಿಯಾದ ವಿಳಾಸಕ್ಕೆ ಕಳಿಸುವುದು ಅಭಿಮಾನಿಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಮಾತಿನ ಪೆಟ್ಟಿಗೆಯ ಕಡೆಗೆ ಬರೋಣ. ಆಟಗಾರರ ವಲಸೆಗೂ ಕಾಮೆಂಟರಿಗೂ ಸೇತುವೆಯಂತಿದ್ದವರು ಟೋನಿ ಗ್ರೆಗ್. ದಕ್ಷಿಣ ಆಫ್ರಿಕಾದ ಕ್ವೀನ್ಸ್‌ಟೌನಿನಲ್ಲಿ ಹುಟ್ಟಿ, ಸ್ಕಾಟಿಷ್ ತಂದೆಯ ದೆಸೆಯಿಂದ ಇಂಗ್ಲೆಂಡಿಗೆ ಆಡಿ, ನಾಯಕರಾಗಿ, ಕೊನೆಗೆ ಆಸ್ಟ್ರೇಲಿಯಾದ ಚಾನೆಲ್ ನೈನ್‌ನ ಧ್ವನಿಯಾಗಿ ಬದುಕು ಮುಗಿಸಿದರು. 1998ರ ಶಾರ್ಜಾದಲ್ಲಿ ಸಚಿನ್ ತೆಂಡೂಲ್ಕರ್ ಆಸ್ಟ್ರೇಲಿಯಾವನ್ನು ಚಚ್ಚಿದಾಗ ಆ ಧ್ವನಿ ಏರಿದ ರೀತಿ ನನ್ನ ತಲೆಮಾರಿನವರ ಕಿವಿಯಲ್ಲಿ ಇಂದಿಗೂ ಇದೆ. ಅವರು ಯಾವ ದೇಶದವರು ಎಂದು ಆಗ ನಾವು ಯಾರೂ ಕೇಳಲಿಲ್ಲ. ನಮ್ಮ ಆಟಗಾರನನ್ನು ಹೊಗಳುವ ಪರದೇಶಿಯ ಪಾಸ್‌ಪೋರ್ಟನ್ನು ಅಭಿಮಾನಿ ಎಂದೂ ತಪಾಸಣೆ ಮಾಡುವುದಿಲ್ಲ.

ತಪಾಸಣೆ ಶುರುವಾಗುವುದು ಹೊಗಳಿಕೆ ನಿಂತಾಗ. ಎರಡನೆಯ ರಾತ್ರಿ 2016ರ ಮಾರ್ಚ್ 23ರದು, ಮತ್ತೆ ಚಿನ್ನಸ್ವಾಮಿ. ಟಿ20 ವಿಶ್ವಕಪ್ಪಿನ ಆ ಪಂದ್ಯದಲ್ಲಿ ಬಾಂಗ್ಲಾದೇಶಕ್ಕೆ ಕೊನೆಯ ಓವರಿನಲ್ಲಿ 11 ರನ್ ಬೇಕಿತ್ತು. ಹಾರ್ದಿಕ್ ಪಾಂಡ್ಯ ಎಸೆತಗಳಲ್ಲಿ ಮುಷ್ಫಿಕುರ್ ರಹೀಮ್ ಎರಡು ಬೌಂಡರಿ ಹೊಡೆದು ಗೆದ್ದೇಬಿಟ್ಟೆವೆಂದು ಕೈ ಝಾಡಿಸಿದರು. ಮುಂದಿನ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಬಿದ್ದು ಭಾರತ 1 ರನ್ನಿನಿಂದ ಗೆದ್ದಿತು. ಕೊನೆಯ ಎಸೆತಕ್ಕೆ ಮುಂಚೆ ಬಲಗೈಯ ಗ್ಲೌಸ್ ಕಳಚಿಟ್ಟುಕೊಂಡಿದ್ದ ಧೋನಿ ಓಡಿಬಂದು ಬೇಲ್ಸ್ ಹಾರಿಸಿದ ಚಿತ್ರ ಎಲ್ಲರಿಗೂ ನೆನಪಿದೆ. ಪಂದ್ಯದ ನಂತರ ನಡೆದದ್ದು ಅಷ್ಟು ನೆನಪಿಲ್ಲ. ಭಾರತೀಯ ಕಾಮೆಂಟೇಟರುಗಳು ಸದಾ ಬೇರೆಯವರ ಬದಲು ನಮ್ಮ ಆಟಗಾರರ ಬಗ್ಗೆ ಹೆಚ್ಚು ಮಾತಾಡಿದರೆ ಚೆನ್ನ ಎಂಬ ಅರ್ಥದಲ್ಲಿ ಅಮಿತಾಭ್ ಬಚ್ಚನ್ ಟ್ವೀಟ್ ಮಾಡಿದರು. ಯಾರ ಹೆಸರನ್ನೂ ಹೇಳಲಿಲ್ಲ. ಅದಕ್ಕೆ ಸೇರಿಸುವುದೇನೂ ಇಲ್ಲ ಎಂದು ಧೋನಿ ಅನುಮೋದಿಸಿದರು. ಮುಂದಿನ ತಿಂಗಳು ಐಪಿಎಲ್ ಶುರುವಾಗುವ ಹೊತ್ತಿಗೆ ಹರ್ಷ ಭೋಗ್ಲೆ ಕಾಮೆಂಟರಿ ತಂಡದಲ್ಲಿರಲಿಲ್ಲ. ಕಾರಣವನ್ನು ಮಂಡಳಿ ಬಹಿರಂಗವಾಗಿ ಹೇಳಲಿಲ್ಲವಾದ್ದರಿಂದ ಎರಡಕ್ಕೂ ಗಂಟು ಹಾಕುವುದು ನ್ಯಾಯವಲ್ಲ. ಆದರೆ ಅಭಿಮಾನಿಗಳು ಅಂದು ಗಂಟು ಹಾಕಿಯೇ ಓದಿದರು.

ಬಚ್ಚನ್ ಅವರ ಬಯಕೆಯಲ್ಲಿ ಒಂದು ಗೊಂದಲವಿದೆ, ಅದು ಇಂದಿನವರೆಗೂ ಈ ವಾದವನ್ನು ಕಾಡುತ್ತಿದೆ. ಐಸಿಸಿ ಪಂದ್ಯಾವಳಿಯ ಇಂಗ್ಲಿಷ್ ಧ್ವನಿ ಮುಂಬೈಗೆ ಹೋದಂತೆಯೇ ಢಾಕಾಕ್ಕೂ ಹೋಗುತ್ತದೆ. ಮುಷ್ಫಿಕುರ್ ಔಟಾದಾಗ ಅಲ್ಲಿನ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತವನಿಗೂ ಆ ಕಾಮೆಂಟೇಟರ್ ಉತ್ತರದಾಯಿ. 2019ರ ಫೈನಲಿನ ಕೊನೆಯ ಕ್ಷಣವನ್ನು ಜಗತ್ತಿಗೆ ಹೇಳಿದವರು ನ್ಯೂಜಿಲೆಂಡಿನ ಇಯಾನ್ ಸ್ಮಿತ್. ತಮ್ಮದೇ ದೇಶ ಕೂದಲೆಳೆಯಲ್ಲಿ ಕಪ್ ಕಳೆದುಕೊಂಡ ಗಳಿಗೆಯಲ್ಲೂ ಆ ಧ್ವನಿ ಇಂಗ್ಲೆಂಡಿನ ಗೆಲುವನ್ನು ಪೂರ್ತಿಯಾಗಿ ಇಂಗ್ಲೆಂಡಿಗೇ ಕೊಟ್ಟಿತು. ಕನ್ನಡದ ಪ್ರಸಾರದ ಮಾತು ಬೇರೆ. ವಿಜಯ್ ಭಾರದ್ವಾಜ್ ಅವರಂಥವರು ಕನ್ನಡದಲ್ಲಿ ಆರ್‌ಸಿಬಿ ಪಂದ್ಯದ ವಿವರಣೆ ಕೊಡುವಾಗ ಕೇಳುವವರು ಬಹುಪಾಲು ಒಂದೇ ಕಡೆಯವರು. ಅಲ್ಲಿ ‘ನಮ್ಮ ತಂಡ’ ಎಂಬುದು ಪಕ್ಷಪಾತಕ್ಕಿಂತ ಹೆಚ್ಚಾಗಿ ಮನೆಮಾತಿನ ಸಲಿಗೆ. ಕೇಳುವವರು ಯಾರು ಎಂಬುದರ ಮೇಲೆ ನಿಷ್ಪಕ್ಷಪಾತದ ಅಳತೆಯೂ ಬದಲಾಗಬೇಕು. ಹಿಂದಿಯ ಪ್ರಸಾರದಲ್ಲಿ ಸರಿಯಾದದ್ದನ್ನು ಜಾಗತಿಕ ಪ್ರಸಾರದಲ್ಲಿ ಬೇಡುವುದು ತಪ್ಪು ಬಾಗಿಲನ್ನು ತಟ್ಟಿದಂತೆ.

ಮೂರನೆಯ ರಾತ್ರಿ 2023ರ ಏಪ್ರಿಲ್ 10. ಚಿನ್ನಸ್ವಾಮಿಯಲ್ಲಿ ಲಖನೌ ವಿರುದ್ಧ ಕೊಹ್ಲಿ 44 ಎಸೆತಗಳಲ್ಲಿ 61 ಹೊಡೆದರು. 42ರಿಂದ 50ಕ್ಕೆ ಹೋಗಲು 10 ಎಸೆತ ತೆಗೆದುಕೊಂಡರು. ವೈಯಕ್ತಿಕ ಮೈಲಿಗಲ್ಲಿಗಾಗಿ ವೇಗ ತಗ್ಗಿತು ಎಂದು ನ್ಯೂಜಿಲೆಂಡಿನ ಸೈಮನ್ ಡೌಲ್ ಪ್ರಸಾರದಲ್ಲೇ ಹೇಳಿದರು. 212 ರನ್ ಗಳಿಸಿದ್ದ ಆರ್‌ಸಿಬಿ ಕೊನೆಯ ಎಸೆತದಲ್ಲಿ 1 ವಿಕೆಟ್‌ನಿಂದ ಸೋತಿತು. ಆ ಎಂಟು ರನ್‌ಗಳಿಗೆ ಅಷ್ಟು ಎಸೆತ ಬೇಕಿತ್ತೇ ಎಂಬುದು ಯಾವ ಬಡಾವಣೆಯ ಚಹಾ ಅಂಗಡಿಯಲ್ಲೂ ಏಳಬಹುದಾದ ಪ್ರಶ್ನೆ. ಆದರೆ ಹೇಳಿದವರು ಹೊರಗಿನವರು ಎಂಬುದೇ ಮುಂದಿನ ಎಲ್ಲ ಚರ್ಚೆಯ ವಿಷಯವಾಯಿತು. ಕೊಹ್ಲಿ ಅಭಿಮಾನಿಯಾದ ನನಗೂ ಆ ಮಾತು ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ. ಲೆಕ್ಕ ಮಾತ್ರ ಡೌಲ್ ಅವರ ಕಡೆಗಿತ್ತು.

ಕಾಮೆಂಟೇಟರುಗಳ ಮೇಲೆ ಅಭಿಮಾನಿಗಳು ಹೊರಿಸುವ ಪಕ್ಷಪಾತದ ಆರೋಪ ಬಹುಮಟ್ಟಿಗೆ ಆಟಗಾರರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಮಾತಿನ ಪೆಟ್ಟಿಗೆಯಲ್ಲಿ ನಿಜವಾಗಿ ಸದ್ದಿಲ್ಲದೆ ಉಳಿಯುವ ವಿಷಯಗಳು ಬೇರೆ. ಭಾರತದಲ್ಲಿ ಪ್ರಸಾರದ ಕಾಮೆಂಟೇಟರುಗಳನ್ನು ಬಹಳ ಕಾಲ ಮಂಡಳಿಯೇ ಗೊತ್ತುಮಾಡಿತು. ಸುನಿಲ್ ಗಾವಸ್ಕರ್ ಮತ್ತು ರವಿ ಶಾಸ್ತ್ರಿ ಮಂಡಳಿಯ ಗುತ್ತಿಗೆಯಲ್ಲಿದ್ದ ದಿನಗಳಿದ್ದವು. 2013ರಲ್ಲಿ ಆಯ್ಕೆ, ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ), ಮಂಡಳಿಯ ಆಡಳಿತದ ಬಗ್ಗೆ ಮಾತಾಡುವಂತಿಲ್ಲ ಎಂಬ ಷರತ್ತು ಇದೆಯೆಂದು ತಿಳಿದು ಇಯಾನ್ ಚಾಪೆಲ್ ಭಾರತದಲ್ಲಿ ವಿವರಣೆ ನೀಡಲು ಒಪ್ಪಲಿಲ್ಲ. 2019ರಲ್ಲಿ ರವೀಂದ್ರ ಜಡೇಜ ಅವರನ್ನು ಅಲ್ಲಿಷ್ಟು ಇಲ್ಲಿಷ್ಟು ಮಾಡುವ ಆಟಗಾರ ಎಂದು ಸಂಜಯ್ ಮಾಂಜ್ರೇಕರ್ ಕರೆದದ್ದಕ್ಕೆ ದೇಶವೇ ಎದ್ದುನಿಂತಿತು, ಜಡೇಜ ಸೆಮಿಫೈನಲಿನಲ್ಲಿ 77 ಗಳಿಸಿ ಬ್ಯಾಟಿನಿಂದಲೇ ಉತ್ತರಿಸಿದರು. ಅದು ಆಟದೊಳಗಿನ ಜಗಳ, ಆಟದೊಳಗೇ ಮುಗಿಯಿತು. ಆದರೆ 2020ರಲ್ಲಿ ಮಾಂಜ್ರೇಕರ್ ಅವರನ್ನು ಮಂಡಳಿಯ ಕಾಮೆಂಟರಿ ಪಟ್ಟಿಯಿಂದ ತೆಗೆದಾಗ ಎಷ್ಟೋ ಅಭಿಮಾನಿಗಳು ಹಬ್ಬ ಆಚರಿಸಿದ್ದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಒಬ್ಬರ ಬಾಯಿ ಮುಚ್ಚಿದರೆ ಮಿಕ್ಕವರು ಮೆತ್ತಗೆ ಮಾತಾಡಲು ಕಲಿಯುತ್ತಾರೆ. ಆ ಮೆತ್ತಗಿನ ಮಾತನ್ನೇ ಮರುವರ್ಷ ಸಪ್ಪೆ ಎಂದು ಬೈಯುವವರೂ ನಾವೇ.

ಆಟಗಾರ ಪಂದ್ಯ ಸಿಗುವ ಕಡೆಗೆ ಹೋಗುತ್ತಾನೆ, ಕಾಮೆಂಟೇಟರ್ ಒಪ್ಪಂದ ಬಿಡುವಷ್ಟು ಮಾತಾಡುತ್ತಾನೆ. ಫ್ರಾಂಚೈಸಿ ಲೆಕ್ಕಕ್ಕೆ ಬಂದಾಗ ಇದನ್ನು ಅಭಿಮಾನಿ ಕಣ್ಣು ಮಿಟುಕಿಸದೆ ಒಪ್ಪುತ್ತಾನೆ. 2009ರ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಸ್ಥಳಾಂತರಗೊಂಡಾಗ ಕೇಪ್‌ಟೌನಿನಲ್ಲಿ ಬೆಂಗಳೂರು ತಂಡದ ನಾಯಕರಾಗಿ ಇಳಿದವರು ಪೀಟರ್ಸನ್. ಅಂದು ದ್ರಾವಿಡ್ 66 ಗಳಿಸಿದರು, ಅನಿಲ್ ಕುಂಬ್ಳೆ 5 ರನ್ ಕೊಟ್ಟು 5 ವಿಕೆಟ್ ಕಿತ್ತರು. ತವರು ಬಿಟ್ಟು ಬಂದ ಕಾರಣಕ್ಕೆ ಅಲ್ಲಿ ಬೈಸಿಕೊಂಡ ಮನುಷ್ಯನ ಅಂಗಿಯ ಮೇಲೆ ಬೆಂಗಳೂರಿನ ಹೆಸರು! 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಜೆರ್ಸಿಗೆ ಪ್ರಾಯೋಜಕತ್ವ ಕೊಟ್ಟದ್ದು ನಮ್ಮ ಕೆಎಂಎಫ್‌ನ ‘ನಂದಿನಿ’. ಸಹ ಸದಸ್ಯ ತಂಡವೊಂದರ ಖರ್ಚಿಗೆ ಕರ್ನಾಟಕದ ಹಾಲಿನ ಸಂಸ್ಥೆ ಕೈಜೋಡಿಸಬಹುದಾದರೆ, ಅಂಥ ತಂಡಗಳಿಂದ ಸಿದ್ಧ ಆಟಗಾರನನ್ನು ಕರೆದುಕೊಳ್ಳುವ ಶ್ರೀಮಂತ ಮಂಡಳಿಗಳು ಏನೂ ಕೊಡದೆ ಹೋಗುವುದು ಯಾವ ನ್ಯಾಯ?

ನಿಯಮ ಬದಲಿಸುವುದು ಅಸಾಧ್ಯವೇನಲ್ಲ. ಕಾಯುವ ಅವಧಿಯನ್ನು ಎರಡೂ ದಿಕ್ಕಿಗೆ ಸಮನಾಗಿಡಬಹುದು. ಹಾಗೆ ಮಾಡಿದರೆ ಸಹ ಸದಸ್ಯ ದೇಶದ ಆಟಗಾರನ ಭವಿಷ್ಯಕ್ಕೆ ಅಡ್ಡಿ ಎನ್ನುವುದಾದರೆ, ಆತನನ್ನು ಬೆಳೆಸಿದ ಮಂಡಳಿಗೆ ಪರಿಹಾರ ಕೊಡಿಸಬಹುದು. ಎಳೆಯ ಆಟಗಾರನನ್ನು ಬೆಳೆಸಿದ ಕ್ಲಬ್ಬಿಗೆ ಹಣ ತಲುಪಿಸುವ ಏರ್ಪಾಟು ಫುಟ್‌ಬಾಲಿನಲ್ಲಿ ಇದ್ದೇ ಇದೆ. ಎಲ್ಲಕ್ಕಿಂತ ಮೊದಲು, ಸಣ್ಣ ತಂಡಗಳಿಗೆ ಪಂದ್ಯಗಳು ಬೇಕು. ಪಂದ್ಯಗಳಿದ್ದರೆ ಹೋದವರು ಮರಳುತ್ತಾರೆ ಎಂಬುದಕ್ಕೆ ಡಬ್ಲಿನ್ ಬಳಿಯ ಮಾಲಹೈಡ್ ಮೈದಾನವೇ ಸಾಕ್ಷಿ. 2018ರ ಮೇ ತಿಂಗಳಿನಲ್ಲಿ ಪಾಕಿಸ್ತಾನದ ಎದುರು ಐರ್ಲೆಂಡಿನ ಮೊದಲ ಟೆಸ್ಟ್. ಮೊದಲ ದಿನವನ್ನು ಮಳೆ ನುಂಗಿತು. ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ 39 ವರ್ಷದ ಎಡ್ ಜಾಯ್ಸ್ ಇದ್ದರು. ಇಂಗ್ಲೆಂಡ್ ಅವರಿಗೆ ಎಂದೂ ಕೊಡದ ಟೆಸ್ಟ್ ಟೋಪಿಯನ್ನು ಐರ್ಲೆಂಡ್ ಕೊಟ್ಟಿತು, ಅದೊಂದೇ ಪಂದ್ಯ ಆಡಿ ಅವರು ನಿವೃತ್ತರಾದರು. ಎರಡನೆಯ ದಿನ ಪಾಕಿಸ್ತಾನದ ಅಜರ್ ಅಲಿ ಸ್ಲಿಪ್ಪಿಗೆ ಕ್ಯಾಚ್ ಕೊಟ್ಟು ಹೊರಟಾಗ ಐರ್ಲೆಂಡಿನ ಚರಿತ್ರೆಯ ಮೊದಲ ಟೆಸ್ಟ್ ವಿಕೆಟ್ ಬಿದ್ದಿತ್ತು. ಬೌಲರ್, ನಾಲ್ಕು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಒಂದು ಟೆಸ್ಟ್ ಆಡಿ ಬಂದಿದ್ದ ಬಾಯ್ಡ್ ರ‍್ಯಾಂಕಿನ್.